ದಂತವೈದ್ಯರ ಭಯವೂ ಶಾಮಕ ಗುಳಿಗೆಯೂ

ಹೊಲದಲ್ಲಿ ಹಾವು ಕಂಡರೂ ಹೆದರದ ರೈತನು ದಂತವೈದ್ಯರ ಕುರ್ಚಿಯನ್ನು ಕಂಡೊಡನೆ ಬೆವರುವುದುಂಟು. ಅದನ್ನು ನೋಡಿ ಮನೆಯವರು ನಗುವರು. ಆದರೆ ಇದು ನಗೆಯ ವಿಷಯವಲ್ಲ. ಹೆದರಿದವರು ಲವಂಗ ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ, ಇಂದು ನಾಳೆ ಎಂದು ದಿನಗಳನ್ನು ತಳ್ಳುವರು. ನಮ್ಮ ಸೀಮೆಯ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದರಿಂದ ಹಲ್ಲು ಕಲೆಗಟ್ಟಿದವರು ಬಹಳ. ಅವರಿಗೆ ಭಯದೊಡನೆ ಬಾಯಿ ತೋರಿಸಲು ನಾಚಿಕೆಯೂ ಸೇರುವುದು. ಅಷ್ಟರಲ್ಲಿ ಹುಳುಕು ಬೇರಿಗಿಳಿದು ಕೀವುಗಟ್ಟುವುದು. ಕೆಳದವಡೆಯ ಸೋಂಕು ನಾಲಗೆಯ ಅಡಿಗೂ ಕುತ್ತಿಗೆಗೂ ಹರಡಿದರೆ ಉಸಿರೇ ಕಟ್ಟಿ ಪ್ರಾಣಾಪಾಯ ಒದಗಬಹುದು. ಆದುದರಿಂದ ಭಯವೂ ಒಂದು ವ್ಯಾಧಿಯೆಂದೇ ತಿಳಿದು ಅದಕ್ಕೆ ಉಪಾಯ ಮಾಡತಕ್ಕದ್ದು.

ನಮ್ಮ ಪ್ರಾಚೀನರು ಇದನ್ನು ಉಪೇಕ್ಷಿಸಿರಲಿಲ್ಲ. ವೇದನೆಯನ್ನು ತಾಳಲಾರದ ಮದ್ಯಪಾನಿಗೆ ಶಸ್ತ್ರಕರ್ಮಕ್ಕೆ ಮೊದಲು ತೀಕ್ಷ್ಣವಾದ ಮದ್ಯವನ್ನು ಕೊಡುವ ವಿಧಿಯು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿದೆ. ಬಾಯಿಯ ರೋಗವೇ ಮುಂತಾದ ಕೆಲವು ಪ್ರಸಂಗಗಳಲ್ಲಿ ಬರಿಹೊಟ್ಟೆಯಲ್ಲಿಯೇ ಕರ್ಮ ನಡೆಯಬೇಕೆಂಬ ಎಚ್ಚರಿಕೆಯೂ ಅಲ್ಲಿಯೇ ಉಂಟು. ಪಶ್ಚಿಮದಲ್ಲಿ 1844ರಲ್ಲಿ ಹೊರೇಸ್ ವೆಲ್ಸ್ ಎಂಬವರು ನಗೆಯನಿಲವನ್ನು ಸೇದಿ ತಮ್ಮ ಹಲ್ಲನ್ನೇ ಕೀಳಿಸಿಕೊಂಡರು. 1846ರಲ್ಲಿ ವಿಲಿಯಂ ಮಾರ್ಟನ್ ಎಂಬವರು ಬಾಸ್ಟನ್ನಿನಲ್ಲಿ ಈಥರಿನ ಪ್ರಭಾವವನ್ನು ಲೋಕಕ್ಕೆ ತೋರಿದರು. ಇಬ್ಬರೂ ದಂತವೈದ್ಯರೇ. ಅನಂತರ 1963ರಲ್ಲಿ ಡಯಾಜಿಪಾಮ್ ಎಂಬ ಗುಳಿಗೆ ಬಂದಿತು. ಈ ವರ್ಗದ ಗುಳಿಗೆಗಳೇ ಇಂದು ಭಯಶಮನಕ್ಕೆ ಹೆಚ್ಚಾಗಿ ಉಪಯೋಗವಾಗುತ್ತಿರುವುವು.

ನೋವು ಬೇರೆ, ಭಯ ಬೇರೆ ಎಂಬುದನ್ನು ಮೊದಲು ಅರಿಯಬೇಕು. ನೋವನ್ನು ತಡೆಯಲು ಒಸಡಿಗೆ ಕೊಡುವ ಲಿಗ್ನೊಕೇನ್ ಚುಚ್ಚುಮದ್ದು ಬೇಕೇ ಬೇಕು. ಗುಳಿಗೆಯು ಶಮನಗೊಳಿಸುವುದು ಮನಸ್ಸಿನ ತಳಮಳವನ್ನು ಮಾತ್ರ. ಮಿದುಳಿನಲ್ಲಿ ಸ್ವಭಾವತಃ ಇರುವ ಗಾಬಾ ಎಂಬ ಶಾಮಕ ದ್ರವ್ಯದ ಪ್ರಭಾವವನ್ನು ಅದು ಹೆಚ್ಚಿಸುವುದು. ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ರೋಗಿಯು ಮೈಮರೆತು ಮಲಗುವುದಿಲ್ಲ. ಮಂಪರಿನಲ್ಲಿದ್ದರೂ ವೈದ್ಯರ ಮಾತಿಗೆ ಉತ್ತರಕೊಡುವನು. ಆಮೇಲೆ ನಡೆದ ಸಂಗತಿ ಅಷ್ಟಾಗಿ ನೆನಪಿರದು.

ಆದರೆ ನುಂಗಿದ ಮದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಕೆಲಸಮಾಡಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುವುದು. ಇನ್ನೂ ಏನೂ ಆಗಲಿಲ್ಲವಲ್ಲ ಎಂದು ಮತ್ತೊಂದು ಗುಳಿಗೆ ನುಂಗಿದರೆ ಎರಡೂ ಒಟ್ಟಿಗೆ ಏರುವುವು. ವೃದ್ಧರಿಗೂ, ಯಕೃತ್ತು ಶ್ವಾಸಕೋಶಗಳ ರೋಗವಿರುವವರಿಗೂ, ನಿದ್ರೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವವರಿಗೂ, ಗರ್ಭಿಣಿಯರಿಗೂ, ಮೊಲೆಯುಣಿಸುವ ತಾಯಂದಿರಿಗೂ ವಿಶೇಷ ವಿಚಾರಣೆ ಬೇಕು. ಮದ್ಯದೊಡನೆಯೋ ಅಫೀಮಿನ ವರ್ಗದ ನೋವುಮದ್ದಿನೊಡನೆಯೋ ಇದು ಸೇರಿದರೆ ಉಸಿರಾಟವೇ ಕುಂದಬಹುದು. ಆದಕಾರಣ ಮಂಪರು ಇರುವವರೆಗೂ ವೈದ್ಯರು ರೋಗಿಯ ಉಸಿರು ನಾಡಿಗಳನ್ನು ಗಮನಿಸುತ್ತಿರಬೇಕು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿಯೂ ಬೇಕಾದ ಉಪಕರಣವೇ.

ಇನ್ನು ಗೃಹಸ್ಥರು ಮಾಡುವ ಒಂದು ಉಪಕಾರವು ಅಪಕಾರವಾಗುವ ಬಗೆಯನ್ನು ಹೇಳಬೇಕು. ಅಜ್ಜಿಗೆ ನಿದ್ರೆಗಾಗಿ ಬರೆದುಕೊಟ್ಟ ಗುಳಿಗೆ ಪೆಟ್ಟಿಗೆಯಲ್ಲಿರುವುದು. ನಾಳೆ ಹಲ್ಲು ಕೀಳಿಸಬೇಕಾದ ಸೊಸೆಗೆ ಅದರಲ್ಲೊಂದನ್ನು ಕೊಡುವರು. ಇದು ಸರ್ವಥಾ ಕೂಡದು. ವಯಸ್ಸು, ತೂಕ, ಬೇರೆ ಮದ್ದು, ಇವನ್ನೆಲ್ಲ ಎಣಿಸಿ ಪ್ರಮಾಣ ಗೊತ್ತುಮಾಡುವುದು ವೈದ್ಯರ ಕೆಲಸ. 2014ರ ಮಾರ್ಚಿ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯಂತೆ ಡಯಾಜಿಪಾಮ್, ಮಿಡಜೋಲಾಮ್ ಮುಂತಾದುವನ್ನು ಮಾರುವಾಗ ಅಂಗಡಿಯವರು ಚೀಟಿ ಬರೆದ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾದಿಡಬೇಕು. ಪರಿಚಯದ ಅಂಗಡಿಯೆಂದು ಚೀಟಿಯಿಲ್ಲದೆ ಕೇಳುವುದು ಅವರನ್ನೂ ನಮ್ಮನ್ನೂ ಕಷ್ಟಕ್ಕೆ ಗುರಿಮಾಡುವುದು.

ಚಿಕಿತ್ಸೆ ಮುಗಿದ ಮಾತ್ರಕ್ಕೆ ಗುಳಿಗೆಯ ಪ್ರಭಾವ ಮುಗಿಯದು. ಗೌರಿಬಿದನೂರಿನಿಂದಲೋ ಚಿಂತಾಮಣಿಯಿಂದಲೋ ಚಿಕ್ಕಬಳ್ಳಾಪುರಕ್ಕಾಗಲಿ ಬೆಂಗಳೂರಿಗಾಗಲಿ ಹೋಗುವವರು ಒಬ್ಬ ವಯಸ್ಕರನ್ನು ಜೊತೆಗೆ ಕರೆದೊಯ್ಯಬೇಕು. ಹಿಂದಿರುಗುವಾಗ ತಾವು ಗಾಡಿ ಓಡಿಸಬಾರದು, ಮೋಟಾರು ಸೈಕಲ್ಲಿನ ಹಿಂದೆ ಕುಳಿತು ತೂಕಡಿಸುವುದೂ ಅಪಾಯವೇ. ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವವರು ಅಂದು ಗೂಡು ಬೇಯುವ ಬಿಸಿನೀರಿನ ಬಳಿ ಕೂಡಬಾರದು. ಗೃಹಿಣಿಯರನ್ನು ಒಲೆಯ ಮುಂದೆ ನಿಲ್ಲಿಸಬಾರದು. ಜಮೀನಿನ ಪತ್ರಕ್ಕೆ ರುಜು ಹಾಕುವುದಿದ್ದರೆ ಮರುದಿನಕ್ಕೆ ಇಟ್ಟುಕೊಳ್ಳುವುದು ಲೇಸು.

ಹೆದರುವವರಿಗೆಲ್ಲ ಗುಳಿಗೆ ಬೇಕೆಂದಲ್ಲ. ಅನೇಕರಿಗೆ ಒಳ್ಳೆಯ ಮಾತೇ ಸಾಕು. ನನಗೆ ಭಯವಾಗುತ್ತದೆ ಎಂದು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ಹೇಳಿರಿ. ಕೈಯೆತ್ತಿದರೆ ಕೆಲಸ ನಿಲ್ಲಿಸಬೇಕೆಂದು ಗೊತ್ತುಮಾಡಿಕೊಳ್ಳಿರಿ. ತೆಗೆದುಕೊಳ್ಳುತ್ತಿರುವ ಮದ್ದುಗಳೆಲ್ಲವನ್ನೂ ಒಯ್ದು ತೋರಿಸಿರಿ. ಗುಳಿಗೆ ಗೊತ್ತಾದರೆ ಊಟ ಉಪವಾಸಗಳ ವಿಷಯದಲ್ಲಿ ಅವರು ಹೇಳಿದಂತೆ ನಡೆಯಿರಿ. ಹಟಮಾಡುವ ಮಕ್ಕಳಿಗೆ ಸೂಜಿ ಚುಚ್ಚಿಸುವೆನೆಂದು ಬೆದರಿಸುವ ಪದ್ಧತಿಯನ್ನು ಇಂದೇ ಬಿಡಿರಿ. ದೊಡ್ಡವರಾದ ಮೇಲೆ ಗುಳಿಗೆ ಬೇಡುವ ಭಯವು ಎಷ್ಟೋ ವೇಳೆ ಆ ಮಾತಿನಿಂದಲೇ ಮೊಳೆತಿರುವುದು.