ಚಿನ್ನದ ಲೆಕ್ಕ ಬಿಡ್ರಿ, ಸುಂಕದ ಲೆಕ್ಕ ಕೇಳ್ರಿ

ವರ್ಷಕ್ಕೆ ಎರಡು ಸಲವಾದರೂ ಆಫೀಸಿನ ಗ್ರೂಪಿನಲ್ಲಿ ಒಂದು ಪೋಸ್ಟ್ ತಿರುಗುತ್ತೆ. ಜಗತ್ತಿನ ಇತಿಹಾಸದಲ್ಲೇ ಅತಿ ದೊಡ್ಡ ಶ್ರೀಮಂತ ಯಾರು ಗೊತ್ತಾ? ಆಫ್ರಿಕಾದ ಮಾಲಿ ಸಾಮ್ರಾಜ್ಯದ ದೊರೆ ಮಾನ್ಸಾ ಮೂಸಾ. ಕೆಳಗೆ ಅವನ ಆಸ್ತಿ ಇಷ್ಟು ಬಿಲಿಯನ್ ಡಾಲರ್ ಅಂತ ಒಂದು ಸಂಖ್ಯೆ. ನಮ್ಮವರೊಬ್ಬರು ಬಿಡ್ತಾರಾ? ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರ್ತಿದ್ರು ಅಂತ ಕೆಳಗೇ ಹಾಕ್ತಾರೆ. ಹತ್ತು ಹೆಬ್ಬೆರಳು, ನಾಲ್ಕು ಬೆಂಕಿ. ಇತಿಹಾಸದ ಪಾಠ ಮುಗೀತು, ಎಲ್ಲರೂ ಮೀಟಿಂಗಿಗೆ ಹೊರಟ್ರು.

ನನ್ನ ತಕರಾರು ಇಲ್ಲೇ ಶುರುವಾಗೋದು. ಇದು ಇತಿಹಾಸ ಅಲ್ಲ, ಸತ್ತ ರಾಜರ ಪೇ ಸ್ಲಿಪ್ ನೋಡೋ ಚಟ. ಏಳುನೂರು ವರ್ಷದ ಹಿಂದಿನ ದೊರೆಯ ಆಸ್ತಿಯನ್ನು ಇವತ್ತಿನ ಡಾಲರಿಗೆ ಬದಲಾಯಿಸೋ ಸೂತ್ರ ಯಾರ ಹತ್ತಿರವೂ ಇಲ್ಲ. ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟಾಗ ಕೈರೋದಲ್ಲಿ ಚಿನ್ನ ಹಂಚಿದ, ಅಲ್ಲಿ ಚಿನ್ನದ ಬೆಲೆ ಬಿತ್ತು, ಹನ್ನೆರಡು ವರ್ಷವಾದರೂ ಪೂರ್ತಿ ಮೇಲೇಳಲಿಲ್ಲ ಅಂತ ಅಲ್ ಉಮರಿ ಬರೆದಿಟ್ಟಿದ್ದಾನೆ. ದಾಖಲೆ ಹೇಳೋದು ಇಷ್ಟು. ಉಳಿದದ್ದು ಲೈಕಿಗಾಗಿ ಹುಟ್ಟಿದ ಸೊನ್ನೆಗಳು.

ಆ ಪೋಸ್ಟಿನಲ್ಲಿ ಇಲ್ಲದ್ದು ಏನು ಅಂತ ಕೇಳ್ರಿ. ಸುಮಾರು 1235ರಲ್ಲಿ ಸುಂಡಿಯಾಟಾ ಕಟ್ಟಿದ ಮಂಡಿಂಕಾ ಜನರ ಆ ರಾಜ್ಯ ನಿಂತಿದ್ದು ಉಪ್ಪಿನ ಮೇಲೆ. ದಕ್ಷಿಣದಲ್ಲಿ ಚಿನ್ನ ಇತ್ತು, ಉಪ್ಪಿರಲಿಲ್ಲ. ಉತ್ತರದ ಮರುಭೂಮಿಯಲ್ಲಿ ಉಪ್ಪಿತ್ತು, ಬೇರೆ ಏನೂ ಇರಲಿಲ್ಲ. 1352ರಲ್ಲಿ ಇಬ್ನ್ ಬತೂತಾ ತಗಾಝಾ ಅನ್ನೋ ಊರಿಗೆ ಹೋದಾಗ ಅಲ್ಲಿನ ಮನೆ, ಮಸೀದಿ ಎಲ್ಲ ಉಪ್ಪಿನ ಚಪ್ಪಡಿಯವು, ಮೇಲೆ ಒಂಟೆ ಚರ್ಮದ ಮಾಡು. ಉಪ್ಪು ಅಗೆಯೋರು ಗುಲಾಮರು. ಅದಕ್ಕೂ ಮೊದಲು, 11ನೇ ಶತಮಾನದಲ್ಲಿ, ಮಾಲಿಗಿಂತ ಹಿಂದಿದ್ದ ಘಾನಾ ರಾಜ್ಯದ ಬಗ್ಗೆ ಅಲ್ ಬಕ್ರಿ ಒಂದು ಸಾಲು ಬರೆದ. ಉಪ್ಪು ಹೊತ್ತ ಕತ್ತೆ ಒಳಗೆ ಬಂದರೆ ಒಂದು ದಿನಾರ್ ಸುಂಕ, ಹೊರಗೆ ಹೋದರೆ ಎರಡು. ಮೂಸಾನ ಆಸ್ತಿಯ ಎಲ್ಲ ಸಂಖ್ಯೆಗಳಿಗಿಂತ ಈ ಒಂದು, ಎರಡು ನನಗೆ ದೊಡ್ಡವು. ರಾಜ್ಯ ಹೆಂಗೆ ನಡೀತಿತ್ತು ಅನ್ನೋದು ಅದರಲ್ಲಿ ಗೊತ್ತಾಗುತ್ತೆ.

ಈಗ ನಮ್ಮ ಕಡೆ ಬರ್ರಿ. ನಾನು ಮೂಡಲಗಿ ಕಡೆಯ ಹಳ್ಳಿಯವನು. ಬೆಂಗಳೂರಲ್ಲಿ ಊರು ಹೇಳಿದರೆ ‘ಎಲ್ಲಿ ಬರುತ್ತೆ?’ ಅಂತಾರೆ. ಗೋಕಾಕ ಪಕ್ಕ ಅಂದರೆ ‘ಓ, ಕರದಂಟು!’ ಹುಕ್ಕೇರಿ ಅಂದರೆ ಅದೂ ಇಲ್ಲ. ಸಿಟ್ಟು ಅವರ ಮೇಲಲ್ಲ. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಊರಲ್ಲೇ. ಘಟಪ್ರಭಾ ಹೊಳಿ ದಂಡೆಯ ನಾಡನ್ನು ಮೂರು ಶತಮಾನದ ಹತ್ತಿರ ಆಳಿದ ರಟ್ಟರ ಹೆಸರು ಒಬ್ಬ ಮಾಸ್ತರರ ಬಾಯಲ್ಲೂ ಬರಲಿಲ್ಲ. ಅಶೋಕ ಬಂದ, ಅಕ್ಬರ್ ಬಂದ, ನಮ್ಮೂರು ಮಾತ್ರ ಇತಿಹಾಸದ ಹೊರಗೇ ನಿಂತಿತ್ತು.

ರಟ್ಟರ ನಾಡಿಗೆ ಕುಂಡಿ ಮೂರುಸಾವಿರ ಅಂತ ಹೆಸರು. ರಾಜಧಾನಿ ಮೊದಲು ಸುಗಂಧವರ್ತಿ, ಅಂದರೆ ಇವತ್ತಿನ ಸವದತ್ತಿ. ಆಮೇಲೆ ವೇಣುಗ್ರಾಮ, ಅಂದರೆ ಬೆಳಗಾವಿ. ಗೋಕಾಕ ಫಾಲ್ಸ್ ಪಕ್ಕದ ಕೊಣ್ಣೂರಲ್ಲಿ ಅವರ ಕಾಲದ ಶಾಸನ ಇದೆ. ಈಚೆಗೆ ತಾಲೂಕಾದ ಮೂಡಲಗಿಯ ಕಲ್ಲೋಳಿಯಲ್ಲಿ ನಾಲ್ಕನೇ ಕಾರ್ತವೀರ್ಯನ ಕಾಲದ ಶಾಂತಿನಾಥ ಬಸದಿಯ ಶಾಸನ ಇದೆ. ಸುಂಡಿಯಾಟಾ ಮಾಲಿ ಕಟ್ಟೋಕೆ ಸುಮಾರು ಮೂವತ್ತು ವರ್ಷ ಮೊದಲಿನ ಮಾತು ಇದು.

ಅದೇ ಕಾರ್ತವೀರ್ಯನ 1204ರ ಬೆಳಗಾವಿ ಶಾಸನ ಓದ್ರಿ. ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿಗೆ ದಾನ. ರಾಜ ಕೊಟ್ಟ ಭೂಮಿಯ ಜೊತೆ ವ್ಯಾಪಾರಿಗಳೂ ಸೇರಿ ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕ್ಕೊಂಡರು. ಅವರಲ್ಲಿ ಊರಿನವರಿದ್ದರು, ಲಾಳದವರು ಅಂದರೆ ಗುಜರಾತಿ ಕಡೆಯವರಿದ್ದರು, ಮಲೆಯಾಳದವರೂ ಇದ್ದರು. ಮಾರಿದ ಕುದುರೆಗೆ ಇಷ್ಟು, ವೀಳ್ಯದೆಲೆಗೆ ಇಷ್ಟು, ಅಡಿಕೆ, ಹಸಿಶುಂಠಿ, ಅರಿಶಿನಕ್ಕೆ ಇಷ್ಟು. ಕುದುರೆ ಅಂದರೆ ಅರಬ್ ನಾಡಿನಿಂದ ಹಡಗಲ್ಲಿ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತುತ್ತಿದ್ದ ಸರಕು. ಅಂದರೆ ನಮ್ಮ ಭಾಗದ ಸಂತೆಗೆ ಆಗಲೇ ಸಮುದ್ರದ ಆಚೆಯ ಮಾಲು ಬರ್ತಿತ್ತು.

ಈ ವ್ಯಾಪಾರದ ದೊಡ್ಡ ಸಂಘ ಅಯ್ಯಾವೊಳೆಯ ಐನೂರ್ವರು. ಹೆಸರು ನಮ್ಮ ಐಹೊಳೆಯದು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ 1088ರ ತಮಿಳು ಶಾಸನದಲ್ಲೂ ಇದೇ ಐನೂರ್ವರು ಸಿಗ್ತಾರೆ. ಜೈನ, ಶೈವ, ವೈಷ್ಣವ ಅನ್ನದೆ ಎಲ್ಲ ಗುಡಿಗಳಿಗೂ ಕೊಟ್ಟವರು. ಇವತ್ತು ನಾವೇನು ಮಾಡ್ತೀವಿ? ರಟ್ಟರು ಯಾವ ಜಾತಿ, ಆ ಬಸದಿ ನಮ್ಮದಾ ನಿಮ್ಮದಾ, ಹುಕ್ಕೇರಿಯ ಆದಿಲಶಾಹಿ ಗುಮ್ಮಟ ಯಾರದು ಅಂತ ಹಂಚಿಕೊಂಡು ಜಗಳಾಡ್ತೀವಿ. ಆಸ್ತಿ ಪಾಲಾದ ಮೇಲೆ ಆ ಕಲ್ಲಲ್ಲಿ ಏನು ಬರೆದಿದೆ ಅಂತ ಯಾರೂ ಓದಲ್ಲ.

ಮಾಲಿಗೂ ನಮಗೂ ಏನು ಸಂಬಂಧ ಅಂತೀರಾ? ಒಂದು ಕವಡೆ ಸಾಕು. ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಕೊರಳಿಗೆ ಹಾಕೋ ಕವಡೆಸರ ನೋಡಿರ್ತೀರಿ. ಅಂಥದೇ ಮಾಲ್ಡೀವ್ಸ್ ಸಮುದ್ರದ ಕವಡೆ ಮರುಭೂಮಿ ದಾಟಿ ಮಾಲಿಯಲ್ಲಿ ದುಡ್ಡಾಗಿತ್ತು. ಒಂದು ಚಿನ್ನದ ದಿನಾರಿಗೆ 1,150 ಕವಡೆ ಅಂತ ರೇಟು ಬರೆದವನು ಇಬ್ನ್ ಬತೂತಾ. ಅವನು ಅದಕ್ಕೂ ಮುಂಚೆ, 1340ರ ದಶಕದಲ್ಲಿ, ನಮ್ಮ ಹೊನ್ನಾವರದಲ್ಲಿ ಇದ್ದು ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಎಣಿಸಿ ಹೋದವನು. ಒಬ್ಬನೇ ಮನುಷ್ಯ ಎರಡೂ ಕಡೆ ನಡೆದಾಡಿದ್ದ. ಆಫ್ರಿಕಾದಲ್ಲಿ ಇತಿಹಾಸವೇ ಇರಲಿಲ್ಲ ಅನ್ನೋರೂ ಉತ್ತರ ಕರ್ನಾಟಕ ಯಾವಾಗಲೂ ಹಿಂದುಳಿದದ್ದೇ ಅನ್ನೋರೂ ಮಾಡೋ ತಪ್ಪು ಒಂದೇ. ವ್ಯಾಪಾರದ ದಾರಿ ಬದಲಾದ ಮೇಲೆ ಉಳಿದ ಧೂಳನ್ನು ನೋಡಿ, ಇಲ್ಲಿ ಮೊದಲಿನಿಂದಲೂ ಧೂಳೇ ಇತ್ತು ಅಂತಾರೆ.

‘ಇರಲಿ ಬಿಡೋ, ನಮ್ಮ ಕಡೆಯವರಿಗೆ ಸ್ವಲ್ಪ ಹೆಮ್ಮೆ ಬೇಕಲ್ಲ’ ಅಂತ ಊರಿನ ಗೆಳೆಯರೇ ಅಂತಾರೆ. ಬೇಕು, ಒಪ್ತೀನಿ. ಆದರೆ ಸರ್ವರ್ ಬಿದ್ದಾಗ ನಾವು ಮಾರ್ಕೆಟಿಂಗ್ ಸ್ಲೈಡ್ ತೆರೆಯಲ್ಲ, ಲಾಗ್ ತೆರೀತೀವಿ. ಶಾಸನ ಅಂದರೆ ನಾಡಿನ ಲಾಗ್. ಯಾವ ವರ್ಷ, ಯಾರು, ಯಾರಿಗೆ, ಎಷ್ಟು ಅನ್ನೋದು ಅದರಲ್ಲಿ ಇರುತ್ತೆ. ಅದರಲ್ಲೂ ಕಾಣದವರು ಇದ್ದಾರೆ. ತಗಾಝಾದಲ್ಲಿ ಉಪ್ಪು ಅಗೆದವನ ಹೆಸರಿಲ್ಲ, ವೇಣುಗ್ರಾಮಕ್ಕೆ ಎತ್ತಿನ ಮೇಲೆ ಹೇರು ಹೊಡಕೊಂಡು ಬಂದವನ ಹೆಸರೂ ಇಲ್ಲ. ಬರೀ ಹೆಮ್ಮೆ ಸಾಕು ಅನ್ನೋರಿಗೆ ಈ ಕೊರತೆ ಕಾಣೋದೇ ಇಲ್ಲ. ಲೆಕ್ಕ ಕೇಳೋರಿಗೆ ಕಾಣುತ್ತೆ.

ಆ 1204ರ ಬೆಳಗಾವಿ ಶಾಸನದ ಕಲ್ಲು ಈಗ ಎಲ್ಲಿದೆ ಗೊತ್ತೇನ್ರಿ? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಅದನ್ನು ಕೇಳಿ ರಕ್ತ ಕುದಿಯೋರಿಗೆ ನನ್ನದೊಂದು ಮಾತು. ಊರಲ್ಲೇ ಉಳಿದ ಕಲ್ಲನ್ನು ನಾವೇನು ಮಾಡಿದೀವಿ? ಕೆಲವಕ್ಕೆ ಸುಣ್ಣ, ಕೆಲವಕ್ಕೆ ಆಯಿಲ್ ಪೇಂಟ್, ಕೆಲವದರ ಮೇಲೆ ಎಲೆಕ್ಷನ್ ಪೋಸ್ಟರ್. ವಾರಾಂತ್ಯಕ್ಕೆ ಫಾಲ್ಸ್ ನೋಡೋಕೆ ಗೋಕಾಕಿಗೆ ಹೋಗ್ತೀರಲ್ಲ, ಸೆಲ್ಫಿ ಆದಮೇಲೆ ಅರ್ಧ ಗಂಟೆ ಉಳಿಸ್ರಿ. ಊರಿನ ಶಾಸನ ಎಲ್ಲಿದೆ ಕೇಳ್ರಿ. ಅದರ ಪಾಠವನ್ನು ಸರಳ ಕನ್ನಡದಲ್ಲಿ ಬರೆದ ಒಂದು ಬೋರ್ಡು ಹಾಕಿಸ್ರಿ ಅಂತ ಪಂಚಾಯ್ತಿಗೆ ಅರ್ಜಿ ಕೊಡ್ರಿ. ಇದಕ್ಕೆ ಬಿಲಿಯನ್ ಡಾಲರ್ ಬೇಕಾಗಿಲ್ಲ.

ಹಳೆಯ ದಾನಶಾಸನಗಳ ಕೊನೆಗೆ ಒಂದು ಶಾಪ ಇರ್ತದ. ಈ ಧರ್ಮ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳ ಆಗಿ ಹುಟ್ಟಲಿ ಅಂತ. ಪೇಂಟ್ ಬಳಿಯೋರು ಅದನ್ನು ಓದಿದ್ದರೆ ಡಬ್ಬಿ ಕೆಳಗಿಡ್ತಿದ್ದರು.