‘ಮಾವ, ಮೊಬೈಲ್ ಕೊಡು!’

ಹಾಸ್ಟೆಲ್‌ನಿಂದ ಹಬ್ಬಕ್ಕೆ ಊರಿಗೆ ಹೋಗುವ ನಮಗೆಲ್ಲ ಈ ಮಾತು ಹೊಸದಲ್ಲ. ಬ್ಯಾಗ್ ಇನ್ನೂ ಹೆಗಲಿಂದ ಇಳಿದಿರಲ್ಲ, ಅಕ್ಕನ ಮಗ ಓಡಿ ಬಂದು ತಬ್ಬಿಕೊಳ್ತಾನೆ. ಎಷ್ಟು ಪ್ರೀತಿ ಅಂತ ನಾವು ಉಬ್ಬುವಷ್ಟರಲ್ಲಿ ಅವನ ಕೈ ನಮ್ಮ ಪ್ಯಾಂಟಿನ ಜೇಬಲ್ಲಿರುತ್ತೆ. ನಾವೂ ಲಾಕ್ ತೆಗೆದು ಕೊಟ್ಟುಬಿಡ್ತೀವಿ. ಅವನು ಸುಮ್ಮನಾಗ್ತಾನೆ, ನಾವು ಕಾಫಿ ಕುಡೀತೀವಿ. ಆಮೇಲೆ ಅದೇ ಕಾಫಿ ಕುಡೀತಾ "ಈಗಿನ ಮಕ್ಕಳು ಮೊಬೈಲ್ ಬಿಡಲ್ಲ ಕಣ್ರೀ" ಅಂತ ಭಾಷಣವನ್ನೂ ಮಾಡ್ತೀವಿ.

ನಮ್ಮ ಗೆಳೆಯನೊಬ್ಬನ ಊರು ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲಿದೆ. ಹೋದ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ವಿ. ಸಂಜೆ ಕರೆಂಟ್ ಹೋಯ್ತು, ಸ್ವಲ್ಪ ಹೊತ್ತಿಗೆ ಎಲ್ಲರ ಫೋನೂ ಸತ್ತವು. ಗೆಳೆಯನ ಅಕ್ಕನ ಮಗನಿಗೆ 5 ವರ್ಷ. ಮೊದಲು ಅತ್ತ, ಆಮೇಲೆ ಹೊಸ್ತಿಲ ಮೇಲೆ ಸುಮ್ಮನೆ ಕೂತ. ಎದುರಿಗೆ ಅಂಗಳ, ಮರಳಿನ ಗುಡ್ಡೆ, ತೆಂಗಿನ ಗರಿ, ಮುರಿದ ಬಕೆಟ್ಟು ಎಲ್ಲಾ ಇತ್ತು. ಏನು ಮಾಡಬೇಕು ಅಂತ ಮಾತ್ರ ಅವನಿಗೆ ತೋಚಲಿಲ್ಲ. ಜಗಲಿ ಮೇಲಿದ್ದ ತಾತ "ಅವನಿಗೆ ಆಟ ಆಡಕ್ಕೇ ಬರಲ್ಲ ಕಣಪ್ಪ" ಅಂದ್ರು. ಬೈದು ಹೇಳಿದ್ದಲ್ಲ, ಮರುಕದಿಂದ ಹೇಳಿದ್ದು. ಆ ಮಾತು ನಮಗೆ ನಾಟಿತು.

ತಾತ ಸವೆದ ಹವಾಯಿ ಚಪ್ಪಲಿ ತರಿಸಿ ದುಂಡಗೆ ಕತ್ತರಿಸಿ ಚಕ್ರ ಮಾಡಿದ್ರು. ತೂತು ಹಾಕೋ ಕೆಲಸ ನಮಗೆ ಬಂತು. ಇಂಜಿನಿಯರುಗಳು ನೋಡಿ! ಸೈಕಲ್ ಕಡ್ಡಿ ತೂರಿಸಿ ಎಳೆದ್ರೆ ಗಾಡಿ ಕುಂಟುತ್ತೆ. ಹುಡುಗ ಬಗ್ಗಿ ನೋಡಿ, "ತೂತು ನಡುವೆ ಇಲ್ಲ ಮಾವ" ಅಂದ. ಸರಿ ಮಾಡಿದ್ವಿ. ಆಮೇಲೆ ಅವನೇ ಮರಳು ತುಂಬಿದ, ಕಡ್ಡಿ ಬಾಗಿತು. ಮರಳು ಕಡಿಮೆ ಮಾಡಿ ಮತ್ತೆ ಎಳೆದ. ಯಾರೂ ಹೇಳಿಕೊಡಲಿಲ್ಲ.

ಕರೆಂಟ್ ಬಂದ ಮೇಲೆ ಅವನು ಮತ್ತೆ ಮೊಬೈಲ್ ಕೇಳಿದ. ಸಿನಿಮಾದ ಹಾಗೆ ಒಂದೇ ಸಂಜೆಗೆ ಬದಲಾಗಿಬಿಟ್ಟ ಅಂತ ನಾವು ಹೇಳಲ್ಲ. ಆದ್ರೆ ಬೆಳಗ್ಗೆ ಎದ್ದವನು ಮೊದಲು ಹುಡುಕಿದ್ದು ಗಾಡೀನ.

ಅದಕ್ಕೇ ನಮ್ಮ ವಾದ ಇಷ್ಟು: ಮಕ್ಕಳ ಸ್ಕ್ರೀನ್ ಸಮಯಕ್ಕೆ ಮಿತಿ ಬೇಕೇ ಬೇಕು. ಆದರೆ ಬರೀ ಕಿತ್ತುಕೊಂಡರೆ ಅದು ಶಿಕ್ಷೆ ಆಗುತ್ತೆ. ಆ ಜಾಗದಲ್ಲಿ ಆಟ ಇಡಬೇಕು, ಜೊತೆಗೆ ಆಡೋಕೆ ದೊಡ್ಡವರೂ ಇರಬೇಕು.

ಮಿತಿ ಎಷ್ಟು ಅನ್ನೋದು ನಮ್ಮ ಲೆಕ್ಕವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: 1 ವರ್ಷದವರೆಗಿನ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೇದು. ಭಾರತದ ಮಕ್ಕಳ ವೈದ್ಯರ ಸಂಘವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತೆ.

ವಿಡಿಯೊ ನೋಡುವಾಗ ಮುಂದೇನು ಅಂತ ಮಗು ಯೋಚಿಸಬೇಕಿಲ್ಲ, ಮುಂದಿನದು ತಾನಾಗೇ ಬರುತ್ತೆ. ಆಟದಲ್ಲಿ ಹಾಗಿಲ್ಲ. ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆ ಇದು ಗೊತ್ತು. ಸೂತ್ರ ಸರಿಯಿಲ್ಲದಿದ್ರೆ ಪಟ ಮೇಲೇರಲ್ಲ. ಗಿರಗಿರ ಸುತ್ತಿದ್ರೆ ಬಾಲಂಗೋಚಿ ಉದ್ದ ಮಾಡಬೇಕು. ಕೆಡಬೇಕು, ಯಾಕೆ ಕೆಟ್ಟಿತು ಅಂತ ನೋಡಬೇಕು, ಮತ್ತೆ ಕಟ್ಟಬೇಕು. ನಾವು ಲ್ಯಾಬ್‌ನಲ್ಲಿ ಮಾಡಬೇಕಾಗಿರೋದೂ ಇದೇ ತಾನೆ? ರೀಡಿಂಗ್ ತಪ್ಪಾದ್ರೆ ಪಕ್ಕದ ಬ್ಯಾಚಿನ ರೆಕಾರ್ಡ್ ನೋಡಿ ಬರೆಯೋ ನಮಗೆ ಈ ಅಭ್ಯಾಸ ಎಲ್ಲಿ ತಪ್ಪಿತು ಅಂತ ಯೋಚಿಸಬೇಕು.

ಇನ್ನೊಂದು ವಿಷಯ ನಮ್ಮ ಕಸುಬಿಗೇ ಸೇರಿದ್ದು. ಎಷ್ಟು ಸರಿಸಿದ್ರೂ ಮುಗಿಯದ ಪುಟವನ್ನ 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್ ಅನ್ನೋ ವಿನ್ಯಾಸಕ. ಆಮೇಲೆ ಅದಕ್ಕಾಗಿ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ದೊಡ್ಡವರನ್ನೇ ಹಿಡಿದು ಕೂರಿಸೋಕೆ ಅಷ್ಟೊಂದು ಬುದ್ಧಿ ಖರ್ಚಾಗಿರುವಾಗ, 5 ವರ್ಷದ ಮಗುವಿಗೆ "ನೀನೇ ಕಂಟ್ರೋಲ್ ಮಾಡ್ಕೋ" ಅಂದ್ರೆ ಹೇಗೆ? ನಾಳೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗಿ ಇಂಥ ಆ್ಯಪ್ ಮಾಡೋಕೆ ಕೂರುವವರು ನಾವೇ.

"ಅಮ್ಮಂದಿರಿಗೆ ಕೆಲಸ ಇರಲ್ವಾ?" ಅಂತ ಕೇಳಬಹುದು. ಇರುತ್ತೆ. ಹೊಲ, ಹಸು, ಒಲೆ ಎಲ್ಲಾ ನೋಡೋ ಅಕ್ಕ ಅರ್ಧ ಗಂಟೆ ಮೊಬೈಲ್ ಕೊಟ್ಟರೆ ಅವಳನ್ನ ದೂರೋ ಹಕ್ಕು ನಮಗಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆ ಅಂತ ಮಕ್ಕಳ ಕೈಗೆ ಫೋನ್ ಕೊಟ್ಟಿದ್ದೂ ದೊಡ್ಡವರೇ. ಅದಕ್ಕೇ ಈ ಭಾರವನ್ನ ತಾಯಿ ಒಬ್ಬಳ ಮೇಲೆ ಹಾಕಬಾರದು.

ಊರೇ ಕೈಜೋಡಿಸಿದ ಉದಾಹರಣೆಗಳಿವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗಿದ್ರೆ ಒಂದೂವರೆ ಗಂಟೆ ಟೀವಿ, ಮೊಬೈಲ್ ಬಂದ್ ಮಾಡೋ ಪದ್ಧತಿ ಶುರುವಾಯ್ತು. 2024ರ ಕೊನೆಯಲ್ಲಿ ನಮ್ಮ ಬೆಳಗಾವಿಯ ಹಲಗಾದಲ್ಲೂ ಸಂಜೆ 7ರಿಂದ 9ರವರೆಗೆ ಇಂಥದ್ದೇ ನಿಯಮ ಬಂತು. ಅಲ್ಲಿ ಆ ಹೊತ್ತು ಇಟ್ಟಿದ್ದು ಮುಖ್ಯವಾಗಿ ಓದಿಗೆ. ಆದರೆ ನಮಗೆ ಹಿಡಿಸಿದ್ದು ಬೇರೆ: ನಿಯಮ ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರೂ ಆಫ್ ಮಾಡಬೇಕು.

ನಮಗೆ ಕಷ್ಟ ಆಗೋದೂ ಇಲ್ಲೇ. ಈ ಲೇಖನಕ್ಕೆ ಕೂತಾಗ ನಮ್ಮ ನಮ್ಮ ಫೋನಿನ ಸ್ಕ್ರೀನ್ ಟೈಮ್ ತೆಗೆದು ನೋಡಿದ್ವಿ. ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ. ನೀವೂ ಒಮ್ಮೆ ನೋಡಿಕೊಳ್ಳಿ.

ಹಾಗಾಗಿ ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ದಿನಕ್ಕೆ ಒಂದು ಗಂಟೆ ನಮ್ಮ ಫೋನನ್ನ ಅಟ್ಟದ ಮೇಲೆ ಇಟ್ಟು, ಮಕ್ಕಳ ಜೊತೆ ಅಂಗಳಕ್ಕೆ ಇಳಿಯೋಣ. ದುಬಾರಿ ಕಿಟ್ ಏನೂ ಬೇಡ. ರಟ್ಟು, ದಾರ, ಬೆಂಕಿಪೊಟ್ಟಣ, ಹಳೇ ಚಪ್ಪಲಿ ಸಾಕು. ಹುಡುಗೀರನ್ನ "ಒಳಗೆ ಬಾ, ಕೆಲಸ ಇದೆ" ಅಂತ ಕರೆದ್ರೆ ಆ ಕೆಲಸಕ್ಕೆ ನಾವು ಹೋಗೋಣ, ಅವರು ಆಡ್ಲಿ. ಮಗು "ಬೋರ್ ಆಗ್ತಿದೆ" ಅಂದ ಕೂಡಲೇ ಜೇಬಿಗೆ ಕೈ ಹಾಕದೆ ಹತ್ತು ನಿಮಿಷ ಕಾಯೋಣ.

ತಾತನ ಹತ್ರ ಚಕ್ರ ಕತ್ತರಿಸೋದನ್ನೂ ಕಲಿತುಕೊಂಡು ಬನ್ನಿ. ನಮಗಂತೂ ಇನ್ನೂ ದುಂಡಗೆ ಬರ್ತಿಲ್ಲ.