ಗಾಳದ ಖರೀದಿ ದಾರದಿಂದ ಶುರುವಾಗಲಿ

ಸಿರುಗುಪ್ಪ, ಕುರುಗೋಡು, ಕುಡತಿನಿ ಕಡೆಯ ಬಯಲಿನಲ್ಲಿ ಬೆಳೆದು, ಚಿಕ್ಕಂದಿನಲ್ಲಿ ಒಮ್ಮೆಯೂ ಗಾಳ ಹಾಕದವರನ್ನು ಹುಡುಕುವುದು ಕಷ್ಟ. ಬಿದಿರು ಕೋಲು, ಮೂರ್ನಾಲ್ಕು ಮಾರು ನೈಲಾನ್ ದಾರ, ಜೋಳದ ದಂಟಿನ ಬೆಂಡು, ಬದುವಿನಲ್ಲಿ ಅಗೆದು ತೆಗೆದ ಎರೆಹುಳ, ಇಷ್ಟಿದ್ದರೆ ತುಂಗಭದ್ರೆಯ ಕಾಲುವೆ ದಂಡೆಯಲ್ಲಿ ಒಂದು ಭಾನುವಾರ ಕಳೆದುಹೋಗುತ್ತಿತ್ತು. ಆಮೇಲೆ ಓದು, ತೋರಣಗಲ್ಲಿನ ಕಾರ್ಖಾನೆಯ ಪಾಳಿ, ಬಳ್ಳಾರಿಯ ಜೀನ್ಸ್ ಘಟಕದ ಕೆಲಸ, ಮದುವೆ, ಮಕ್ಕಳು. ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರು ಈಗ ಮತ್ತೆ ನೀರಿನ ಕಡೆ ಹೊರಳುತ್ತಿದ್ದಾರೆ. ಕೈಯಲ್ಲಿ ಒಂದಿಷ್ಟು ಕಾಸಿದೆ. ಮೊಬೈಲಿನಲ್ಲಿ ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೊಗಳಿವೆ. ಅದೇ ರಾಡು, ಅದೇ ರೀಲು ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕೂ ಇವೆ.

ತಪ್ಪುವುದು ಖರೀದಿಯ ಕ್ರಮದಲ್ಲಿ. ಮೊದಲು ಕಣ್ಣಿಗೆ ಬೀಳುವುದು ರಾಡು, ಆಮೇಲೆ ಹೊಳೆಯುವ ರೀಲು. ಹಣವೆಲ್ಲ ಅಲ್ಲಿಗೇ ಮುಗಿದು, ಕೊನೆಗೆ ಕೈಗೆ ಸಿಕ್ಕ ಅಗ್ಗದ ದಾರ ಸುತ್ತಿಕೊಂಡು ಹೊರಡುತ್ತಾರೆ. ಆದರೆ ಮೀನಿಗೂ ಮನುಷ್ಯನಿಗೂ ನಡುವೆ ಇರುವುದು ಆ ದಾರವೊಂದೇ. ತುಂಡಾದರೆ ನೀರಿನಲ್ಲಿ ವರ್ಷಗಟ್ಟಲೆ ಉಳಿಯುವುದೂ ಅದೇ. ಯಾವ ನೀರು, ಯಾವ ಮೀನು ಎಂದು ನೋಡಿ ಮೊದಲು ದಾರ ಆರಿಸಬೇಕು. ದಾರಕ್ಕೆ ತಕ್ಕ ರೀಲು, ಅವೆರಡಕ್ಕೆ ತಕ್ಕ ರಾಡು ಆಮೇಲೆ. ಬಳ್ಳಾರಿ ಸೀಮೆಯಲ್ಲಿ ಈ ಕ್ರಮ ಪಾಲಿಸುವುದಕ್ಕೆ ಬೇರೆ ಕಡೆಗಿಂತ ಹೆಚ್ಚು ಕಾರಣಗಳಿವೆ.

ಬಾಸ್ ನಮ್ಮ ಮೀನಲ್ಲ. ಉತ್ತರ ಅಮೆರಿಕದ ಸಿಹಿನೀರಿನ ಈ ಬೇಟೆಗಾರ ಮೀನಿಗೆ ಅಲ್ಲಿ ಇರುವ ಅಭಿಮಾನ ದೊಡ್ಡದು. ಜಾರ್ಜಿಯಾ ರಾಜ್ಯದಲ್ಲಿ 1932ರಲ್ಲಿ ಜಾರ್ಜ್ ಪೆರಿ ಹಿಡಿದ ಹತ್ತು ಕಿಲೊ ತೂಕದ ಬಾಸ್‌ನ ದಾಖಲೆಯನ್ನು ಸರಿಗಟ್ಟಲು 2009ರವರೆಗೆ ಕಾಯಬೇಕಾಯಿತು. ಸರಿಗಟ್ಟಿದ ಮನಾಬು ಕುರಿಟಾ ಅವರಿಗೆ ಮೀನು ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿ. ಜಪಾನಿಗೆ ಈ ಮೀನು ತಾನಾಗಿ ಹೋದದ್ದಲ್ಲ. 1925ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟದ್ದು ದೇಶವೆಲ್ಲ ಹರಡಿ, ಅಲ್ಲಿನ ಸಣ್ಣ ಮೀನುಗಳನ್ನು ತಿಂದು ತೇಗಿತು. 2005ರಿಂದ ಜಾರಿಯಲ್ಲಿರುವ ಕಾನೂನು ಬಾಸ್ ಅನ್ನು ಅಪಾಯಕಾರಿ ಪರದೇಶಿ ಪ್ರಾಣಿ ಎಂದು ಪಟ್ಟಿ ಮಾಡಿದೆ. ಇಲ್ಲಿಯ ಯಾವುದಾದರೂ ಕೆರೆಗೆ ಬಾಸ್ ತಂದು ಬಿಟ್ಟರೆ ಹೇಗೆ ಎನ್ನುವವರು ಈ ಕತೆಯನ್ನು ನೆನಪಿಟ್ಟುಕೊಳ್ಳಬೇಕು. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದರೂ ಆ ಮೀನನ್ನು ನಮ್ಮ ನೀರಿನಿಂದ ತೊಲಗಿಸಲು ಇನ್ನೂ ಆಗಿಲ್ಲ.

ಬಾಸ್ ತರಬೇಕಾದ ಅಗತ್ಯವೂ ಇಲ್ಲ. ಅದೇ ಸ್ವಭಾವದ ಮೀನು ಇಲ್ಲಿ ಮೊದಲಿನಿಂದಲೇ ಇದೆ: ಮರಲ್ ಎಂದೂ ಕರೆಯುವ ಕೊರಮೀನು. ಹಾವಿನ ತಲೆಯಂಥ ತಲೆ, ಗಟ್ಟಿ ದವಡೆ, ಜೊಂಡಿನ ನಡುವೆ ಅಲುಗಾಡದೆ ಕಾಯುವ ತಾಳ್ಮೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಅನುಭವಿಗಳು ಆ ಗುಳ್ಳೆ ನೋಡಿಯೇ ಜಾಗ ಗುರುತಿಸುತ್ತಾರೆ. ನೀರಿನ ಮೇಲೆ ಕಪ್ಪೆ ಸರಿದರೆ ಎಗರಿ ನುಂಗುತ್ತದೆ. ಹೀಗಾಗಿ ಬಾಸ್‌ಗೆಂದು ಮಾಡಿದ ರಬ್ಬರ್ ಕಪ್ಪೆ ಕೊರಮೀನಿಗೂ ನಡೆಯುತ್ತದೆ. ಕಪ್ಪೆ ಕಣ್ಮರೆಯಾದ ಕ್ಷಣವೇ ರಾಡು ಎಳೆದರೆ ಮೀನು ತಪ್ಪುತ್ತದೆ. ಬಾಯಿ ಮುಚ್ಚಿ ಅದು ತಿರುಗಲಿ, ದಾರ ಬಿಗಿಯಾಗಲಿ, ಆಗ ಬಲವಾಗಿ ಎಳೆಯಬೇಕು. ಬೆಂಡು ಮುಳುಗಿದ ಕೂಡಲೇ ಜಗ್ಗುವ ಬಾಲ್ಯದ ಅಭ್ಯಾಸ ಇಲ್ಲಿ ಬಿಡಬೇಕಾಗುತ್ತದೆ.

ಈಗ ದಾರದ ಮಾತು. ಅಟ್ಟದಿಂದ ಹಳೆಯ ರೀಲು ಇಳಿಸಿದವರು ಅದರ ನೈಲಾನನ್ನು ಒಂದೆರಡು ಮಾರು ಬಿಚ್ಚಿ ನೋಡಲಿ. ರೀಲಿನ ಸುರುಳಿಯ ಆಕಾರದಲ್ಲೇ ನಿಂತಿರುತ್ತದೆ. ಮೇಲ್ಮೈ ಮಬ್ಬಾಗಿ ಪುಡಿ ಎದ್ದಂತಿರುತ್ತದೆ. ಗಂಟು ಹಾಕಿ ಎಳೆದರೆ ಗಂಟಿನ ಹತ್ತಿರವೇ ಪಟ್ಟನೆ ಹೋಗುತ್ತದೆ. ನೈಲಾನ್ ನೀರು ಹೀರುತ್ತದೆ, ಬಿಸಿಲಿಗೆ ಸವೆಯುತ್ತದೆ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ರೀಲು ಇಟ್ಟು ಮರೆತವರಿಗೆ ಹೊಸ ದಾರವೂ ಹೆಚ್ಚು ದಿನ ಬಾಳಿಕೆ ಬರುವುದಿಲ್ಲ. ಹಳೆಯದನ್ನು ಪೂರ್ತಿ ಕಿತ್ತು ಹಾಕುವುದೇ ಸರಿ.

1930ರ ದಶಕದ ಕೊನೆಗೆ ಅಮೆರಿಕದ ಡುಪಾಂಟ್ ಕಂಪನಿ ನೈಲಾನ್ ತಂದಾಗ ಗಾಳದ ಲೋಕ ಒಮ್ಮೆ ಬದಲಾಯಿತು. 1990ರ ದಶಕದಲ್ಲಿ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ಬ್ರೇಡ್ ಬಂದಾಗ ಮತ್ತೊಮ್ಮೆ. ಚಿಕ್ಕಂದಿನಲ್ಲೇ ಗಾಳ ಬಿಟ್ಟವರಲ್ಲಿ ಬಹಳ ಮಂದಿ ಈ ಎರಡನೆಯದನ್ನು ಕೈಯಲ್ಲಿ ಹಿಡಿದೇ ಇಲ್ಲ. ಹದಿಮೂರು ಹದಿನಾಲ್ಕು ಕಿಲೊ ಎಳೆತ ತಡೆಯುವ ನೈಲಾನ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟೇ ಶಕ್ತಿಯ ಬ್ರೇಡ್ ಅದರ ಅರ್ಧದಷ್ಟು. ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತದೆ, ಬ್ರೇಡ್ ಹಿಗ್ಗುವುದಿಲ್ಲ ಎನ್ನಬಹುದು. ಮೂವತ್ತು ಮೀಟರ್ ದೂರದಲ್ಲಿ, ಜೊಂಡಿನ ನಡುವೆ, ಕೊರಮೀನಿನ ಎಲುಬಿನಂಥ ದವಡೆಗೆ ಕೊಕ್ಕೆ ನೆಡಬೇಕಾದರೆ ಈ ಗುಣವೇ ಬೇಕು. ಪೊಟ್ಟಣದ ಮೇಲೆ 30 ಪೌಂಡ್ ಎಂದಿರುವ ಬ್ರೇಡ್ ನಮ್ಮ ಕೆರೆಗಳಿಗೆ ಸಾಕು. ಜೊಂಡು ತೀರಾ ದಟ್ಟವಾಗಿದ್ದರೆ 40.

ನೀರಿನಲ್ಲಿ ಕಾಣುವುದಿಲ್ಲ ಎಂದು ಹೆಚ್ಚು ಬೆಲೆಗೆ ಮಾರುವ ಫ್ಲೋರೊಕಾರ್ಬನ್ ದಾರಕ್ಕೆ ಇಲ್ಲಿ ದುಡ್ಡು ಸುರಿಯುವುದು ವ್ಯರ್ಥ. ತಿಳಿನೀರಿನಲ್ಲಿ ಅದಕ್ಕೆ ಬೆಲೆಯಿದೆ. ತುಂಗಭದ್ರೆ ತಿಳಿನೀರಲ್ಲ. ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ ಎಂಬುದೊಂದೇ ಈ ನದಿ ಹೊತ್ತು ತರುವ ಮಣ್ಣಿನ ಲೆಕ್ಕ ಹೇಳುತ್ತದೆ. ಕೆಂಪು ನೀರಿನಲ್ಲಿ ಮೀನು ದಾರ ನೋಡಿ ಹೆದರುವುದಿಲ್ಲ. ಇಲ್ಲಿಯ ಶತ್ರು ಕಲ್ಲು. ಕಂಪ್ಲಿ ಕಡೆಯ ಹೊಳೆಯ ಬಂಡೆಗೆ ಉಜ್ಜಿದರೆ ಬ್ರೇಡ್ ಬೇಗ ಹರಿಯುತ್ತದೆ. ಅಂಥ ಕಡೆ ಬ್ರೇಡಿನ ತುದಿಗೆ ಒಂದು ಮೊಳ ದಪ್ಪ ನೈಲಾನ್ ಜೋಡಿಸಬೇಕು. ಬ್ರೇಡ್ ನುಣುಪಾದ್ದರಿಂದ ಹಳೆಯ ಗಂಟುಗಳು ಜಾರುತ್ತವೆ. ದಾರವನ್ನು ಜೋಡಿ ಮಾಡಿ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ ಹಾಕುವ ಪಾಲೊಮಾರ್ ಗಂಟು ಕಲಿಯುವುದು ಅರ್ಧ ಗಂಟೆಯ ಕೆಲಸ. ಬಿಗಿಯುವ ಮುನ್ನ ಗಂಟನ್ನು ಒದ್ದೆ ಮಾಡುವುದು ಮರೆಯಬಾರದು.

ರೀಲಿಗೆ ಬಂದರೆ, ಜವಳಿ ಊರಾದ ಬಳ್ಳಾರಿಗೆ ಹತ್ತಿರವಾಗುವ ಸಂಗತಿಯೊಂದಿದೆ. ಇಂದು ಎಲ್ಲರೂ ಬಳಸುವ ಸ್ಪಿನ್ನಿಂಗ್ ರೀಲಿನ ಮೂಲ ನೂಲಿನ ಗಿರಣಿಯಲ್ಲಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಉಣ್ಣೆ ಗಿರಣಿಯ ಆಲ್ಫ್ರೆಡ್ ಇಲ್ಲಿಂಗ್‌ವರ್ತ್, ಕದಲದ ಕಂಡಿಕೆಯ ತುದಿಯಿಂದ ದಾರ ಸಲೀಸಾಗಿ ಜಾರಿ ಬರುವ ತತ್ವವನ್ನು ರೀಲಿಗೆ ಅಳವಡಿಸಿ 1905ರಲ್ಲಿ ಪೇಟೆಂಟ್ ಪಡೆದರು. ಮರಳಿ ಗಾಳ ಹಿಡಿಯುವವರಿಗೆ ಇದೇ ಸರಿ. ಬಾಸ್ ವಿಡಿಯೊಗಳಲ್ಲಿ ಮೆರೆಯುವ ಬೇಟ್‌ಕಾಸ್ಟಿಂಗ್ ರೀಲಿನ ಉರುಳೆ ಎಸೆಯುವಾಗ ತಿರುಗುತ್ತಲೇ ಇರುತ್ತದೆ. ಹೆಬ್ಬೆರಳಿನ ತಡೆ ಒಂದು ಕ್ಷಣ ತಪ್ಪಿದರೂ ದಾರ ಗೂಡು ಕಟ್ಟುತ್ತದೆ. ಆ ಸಿಕ್ಕನ್ನು ಕತ್ತರಿಸಿ ಎಸೆದದ್ದೇ ದಂಡೆಯ ಕಸವಾಗುತ್ತದೆ. ಮೊದಲ ಒಂದೆರಡು ವರ್ಷ ಅದರ ಗೊಡವೆ ಬೇಡ.

3000 ಅಳತೆಯ ಒಂದು ರೀಲು ಸಾಕು. ಹಳೆಯದನ್ನೇ ಬಳಸುವವರು ದಾರ ಹಾದುಹೋಗುವ ಪುಟ್ಟ ರೋಲರ್ ಮೇಲೆ ಉಗುರು ಆಡಿಸಿ ನೋಡಬೇಕು. ಉಗುರಿಗೆ ಗೀರು ಸಿಕ್ಕರೆ ಆ ರೀಲು ಬ್ರೇಡಿಗೆ ಬರುವುದಿಲ್ಲ. ನೈಲಾನಿಗೆಂದು ಮಾಡಿದ ಹಳೆಯ ರೋಲರನ್ನು ಬ್ರೇಡ್ ಕೊರೆಯುತ್ತದೆ. ಉರುಳೆಗೆ ನೇರವಾಗಿ ಬ್ರೇಡ್ ಸುತ್ತಿದರೆ ಎಳೆತಕ್ಕೆ ಇಡೀ ಸುತ್ತೇ ಜಾರುತ್ತದೆ. ಅಡಿಗೆ ಕೆಲವು ಸುತ್ತು ನೈಲಾನ್ ಇರಲಿ. ಎಳೆತಕ್ಕೆ ದಾರ ಬಿಟ್ಟುಕೊಡುವ ಡ್ರ್ಯಾಗ್‌ನ ಬಿಗಿ ಅಂದಾಜಿನ ಮಾತಲ್ಲ. ದಾರದ ತುದಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು, ಮೂರರಿಂದ ನಾಲ್ಕು ಕಿಲೊ ತೋರಿಸುವಾಗ ದಾರ ಬಿಡುವಂತೆ ಹೊಂದಿಸಿಕೊಳ್ಳಬೇಕು.

ರಾಡಿನ ವಿಷಯ ಬೇಗ ಮುಗಿಯುತ್ತದೆ. ಏಳು ಅಡಿ, ಮೀಡಿಯಂ ಹೆವಿ, ಹಿಡಿಯ ಮೇಲೆ ಹತ್ತರಿಂದ ಮೂವತ್ತು ಗ್ರಾಂ ಎಂದು ಬರೆದದ್ದು. ಅಷ್ಟೇ. ಹಳೆಯ ರಾಡಾದರೆ ಒಂದೊಂದು ಬಳೆಯೊಳಗೂ ಹತ್ತಿ ಎಳೆದು ನೋಡಿ; ಎಳೆ ಸಿಕ್ಕಿಕೊಂಡ ಕಡೆ ಬಿರುಕಿದೆ, ಆ ಬಿರುಕು ದಾರ ಕೊಯ್ಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಕುಡತಿನಿಯವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು. ಹಿಂದಿನ ಗಾಜಿನ ನಾರಿನ ರಾಡುಗಳ ಜಾಗಕ್ಕೆ ಈಗ ಕಾರ್ಬನ್ ರಾಡುಗಳು ಬಂದಿವೆ. ಹಗುರ, ಗಟ್ಟಿ, ಆದರೆ ಕಾರ್ಬನ್ ವಿದ್ಯುತ್ ವಾಹಕ. 1,700 ಮೆಗಾವಾಟ್ ಸಾಮರ್ಥ್ಯದ ಬಳ್ಳಾರಿ ಶಾಖೋತ್ಪನ್ನ ಕೇಂದ್ರವಿರುವ ಕುಡತಿನಿಯ ಸುತ್ತ ಹೈಟೆನ್ಷನ್ ತಂತಿಗಳು ಎಲ್ಲ ದಿಕ್ಕಿಗೂ ಹಾದಿವೆ. ಹಳ್ಳಿಗಳ ಕಡೆ ಹೊಲದ ಪಂಪ್‌ಸೆಟ್ಟಿನ ತಂತಿಗಳು ಇನ್ನೂ ತಗ್ಗಿನಲ್ಲಿರುತ್ತವೆ. ಕಾಲುವೆಯ ಏರಿ ಹತ್ತಿ ನಿಂತು ರಾಡು ಹಿಂದಕ್ಕೆ ಎತ್ತುವ ಮುನ್ನ ತಲೆಯೆತ್ತಿ ನೋಡಲೇಬೇಕು. ತಂತಿಯ ಕೆಳಗೆ ನಡೆಯುವಾಗ ರಾಡು ಎರಡು ತುಂಡಾಗಿ ಬಿಚ್ಚಿ ಕೈಯಲ್ಲಿರಲಿ. ತುಂಬಿ ಹರಿಯುವ ಕಾಲುವೆಯ ಕಾಂಕ್ರೀಟ್ ಇಳಿಜಾರಿಗಂತೂ ಇಳಿಯಲೇಬಾರದು. ಪಾಚಿಗೆ ಕಾಲು ಜಾರಿದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಸಿಗುವುದಿಲ್ಲ.

ಗಾಳ ಈ ನಾಡಿಗೆ ವಿಡಿಯೊದಿಂದ ಬಂದದ್ದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಯಾವ ಮೀನಿಗೆ ಯಾವ ಆಹಾರ ಎಂಬ ವಿವರವೂ ಅದರಲ್ಲಿದೆ. ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದನ್ನು ಕುರಿತು ಪ್ರಬಂಧ ಬರೆದರು. ಭಾರತದ ಗಾಳಗಾರಿಕೆಯ ಹೆಸರಾಂತ ಇಂಗ್ಲಿಷ್ ಪುಸ್ತಕ, ಹೆನ್ರಿ ಸಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’, 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಮಾತಿನಲ್ಲಿದೆ. ಗಾಳ ಹಿಡಿದು ಕೂತ ತೇಜಸ್ವಿ ಕನ್ನಡ ಓದುಗರಿಗೆ ಮನೆಯವರಷ್ಟೇ ಪರಿಚಿತರು. ಇಷ್ಟು ದೊಡ್ಡ ಪರಂಪರೆಗೆ ಸೇರಿದವರು ನೀರನ್ನೂ ಮೀನನ್ನೂ ಕಾಯುವ ಹೊಣೆ ಹೊರಬೇಕು.

ಕೊರಮೀನಿನ ವಿಷಯದಲ್ಲಿ ಆ ಹೊಣೆ ತುಂಬ ಸ್ಪಷ್ಟ. ಮಳೆಗಾಲದಲ್ಲಿ ಮರಿ ಮಾಡಿದ ಮೇಲೆ ತಂದೆ ತಾಯಿ ಮೀನುಗಳು ಮರಿಗಳನ್ನು ಕಾಯುತ್ತವೆ. ನೀರಿನ ಮೇಲೆ ಕೆಂಪಗೆ ಕುದಿಯುವಂತೆ ಕಾಣುವ ಮರಿಗಳ ಗುಂಪು, ಅದರ ಅಡಿಯಲ್ಲಿ ಕಾವಲಿಗೆ ನಿಂತ ದೊಡ್ಡ ಮೀನು. ಆ ಗುಂಪಿನ ಮೇಲೆ ರಬ್ಬರ್ ಕಪ್ಪೆ ಎಸೆದರೆ ಸಿಟ್ಟಿಗೆ ಎಗರಿ ಕಚ್ಚುವುದು ಖಂಡಿತ. ಹಸಿವಿಗೆ ಅಲ್ಲ, ಮರಿ ಉಳಿಸಲು. ಅದನ್ನು ಎತ್ತಿಕೊಂಡು ಹೋದರೆ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಹೀಗೆ ಹಿಡಿದ ಮೀನಿನ ಫೋಟೊ ಹಾಕಿ ಮೆರೆಯುವುದು ಗಾಳಗಾರರೇ ತಡೆಯಬೇಕಾದ ಕೆಟ್ಟ ಚಾಳಿ. ಕೆಂಪು ಗುಂಪು ಕಂಡ ಕಡೆ ದಾರ ಸುತ್ತಿಕೊಂಡು ಮುಂದೆ ಹೋಗಬೇಕು.

ಇನ್ನು ನದಿ. ಅಣೆಕಟ್ಟೆಯ ಬಳಿಯ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೊಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ಗಾಳ ಬಿಚ್ಚಬಾರದು. ಬಂಡೆಗೆ ಸಿಕ್ಕಿ ಉಳಿದ ಬ್ರೇಡ್ ಕೊಳೆಯುವುದಿಲ್ಲ. ನೀರುನಾಯಿಯ ಕಾಲಿಗೆ, ನೀರುಕಾಗೆಯ ರೆಕ್ಕೆಗೆ ಸುತ್ತಿಕೊಂಡರೆ ಬಿಡುವುದೂ ಇಲ್ಲ. ದುರ್ಬಲ ದಾರ ಕೊಳ್ಳಬೇಡಿ ಎನ್ನುವುದಕ್ಕೆ ಇದೇ ದೊಡ್ಡ ಕಾರಣ: ಅದು ಮೀನಿನ ಬಾಯಲ್ಲಿ ಕೊಕ್ಕೆ ಬಿಟ್ಟು, ತಾನು ನದಿಯಲ್ಲಿ ಉಳಿಯುತ್ತದೆ. ತೆಗೆದುಹಾಕಿದ ಹಳೆಯ ದಾರವನ್ನು ಗೇಣುದ್ದ ತುಂಡುಗಳಾಗಿ ಕತ್ತರಿಸಿ ಮನೆಗೆ ತರಬೇಕು. ಗಾಳದ ಸಾಮಾನು ಮಾರುವ ಅಂಗಡಿಗಳು ಬಾಗಿಲಲ್ಲಿ ಒಂದು ಡಬ್ಬ ಇಟ್ಟು ಅದನ್ನು ವಾಪಸು ಪಡೆಯಲಿ.

ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಪಡೆದವರದು. ಅನೇಕ ಕಡೆ ಅದು ಮೀನುಗಾರರ ಸಹಕಾರ ಸಂಘದ ಕೈಯಲ್ಲಿದೆ. ಮರಿ ಬಿಟ್ಟು, ವರ್ಷವಿಡೀ ಕಾದು, ಬಲೆ ಎಳೆದು ಬದುಕುವವರು ಅವರು. ಭಾನುವಾರದ ಖುಷಿಗೆ ಬಂದವರು ಕೇಳದೆ ಗಾಳ ಹಾಕುವುದು ಅವರ ಬೆಳೆಗೆ ಕೈ ಹಾಕಿದಂತೆ. ಹಾಗೆಂದು ಗಾಳಗಾರರನ್ನು ಓಡಿಸುವುದೂ ಪರಿಹಾರವಲ್ಲ. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಸ್ಥೆ ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಪಡೆದು, ಪರವಾನಗಿ ಪಡೆದು ಗಾಳ ಹಾಕಿ ಮಹಶೀರ್ ಹಿಡಿದು ಬಿಡುವ ಪದ್ಧತಿ ತಂದಿತು. ಮದ್ದುಗುಂಡು ಸಿಡಿಸಿ ಮೀನು ಕೊಲ್ಲುವವರನ್ನು ತಡೆಯಲು ಕಾವಲುಗಾರರನ್ನು ನೇಮಿಸಿತು. ಬಳ್ಳಾರಿ ಜಿಲ್ಲೆಯಲ್ಲೂ ಇದರ ಸಣ್ಣ ರೂಪ ಸಾಧ್ಯ. ಮೀನುಗಾರಿಕೆ ಇಲಾಖೆ ಒಪ್ಪಿಗೆ ಕೊಟ್ಟರೆ ಸಂಘವೇ ದಿನದ ರಸೀದಿ ಕೊಡಬಹುದು: ಒಬ್ಬರಿಗೆ ಒಂದೇ ರಾಡು, ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ, ಮರಿ ಕಾಯುವ ತಿಂಗಳುಗಳಲ್ಲಿ ಬಂದ್, ಮೀನು ಒಯ್ಯುವುದಾದರೆ ಸಂಘದ ದರಕ್ಕೆ ತೂಕ. ಸಿರುಗುಪ್ಪ ಅಥವಾ ಕುರುಗೋಡು ತಾಲ್ಲೂಕಿನ ಒಂದೇ ಒಂದು ಕೆರೆಯಲ್ಲಿ, ಈ ಸಲದ ಮಳೆಗಾಲ ಮುಗಿದ ಮೇಲೆ ಶುರು ಮಾಡಿ ನೋಡಲಿ. ರಸೀದಿಯ ಹಣ ಪೂರ್ತಿಯಾಗಿ ಸಂಘದ ಖಾತೆಗೇ ಸೇರಬೇಕು. ಕೆರೆ ಕಾಯುವವರ ಕೂಲಿ ಅದರಿಂದಲೇ ಹೊರಡಲಿ.